ಉಳಿದ ಗಚ್ಚಿನ ಅಗಸಿ

ಉಳಿದದ್ದನ್ನು ಚೆಲ್ಲುವುದು ಸಾವಕ್ಕನ ಕೈಗೆ ಗೊತ್ತೇ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಯಾರೇ ಮನೆ ಕಟ್ಟಿಸಲಿ, ಸುಣ್ಣ, ಉಸುಕು, ಬೆಲ್ಲದ ನೀರು ಕೂಡಿಸಿ ಗಚ್ಚು ಅರೆಯಲು ಅವಳೇ ಬೇಕು. ಅರೆದ ಗಚ್ಚು ಮರುದಿನಕ್ಕೆ ಇಟ್ಟರೆ ಕಲ್ಲಾಗುತ್ತದೆ. ಸಂಜೆ ತಳದಲ್ಲಿ ಉಳಿದ ಎರಡು ಬೊಗಸೆಯನ್ನು ಬೇರೆಯವರು ಬಿಸಾಡುತ್ತಿದ್ದರು. ಅವಳು ಬುಟ್ಟಿಗೆ ಬಳಿದು, ತಲೆಯ ಮೇಲಿಟ್ಟುಕೊಂಡು ಹೊರಡುತ್ತಿದ್ದಳು.

ಹೊರಡುತ್ತಿದ್ದುದು ತನ್ನ ಓಣಿಯ ಬಾಯಲ್ಲಿದ್ದ ಗಾಣಿಗರ ಅಗಸಿಗೆ. ಹಳೇ ಕೋಟೆ ಹೋಗಿ ಆ ಹೆಬ್ಬಾಗಿಲೊಂದೇ ಉಳಿದಿತ್ತು. ಸತ್ತೂರಿನಿಂದ ಮದುಮಗಳಾಗಿ ಬಂದ ದಿನ ಅದರ ಕೆಳಗೆ ನಿಂತು, ನಾಚಿ ನಾಚಿ, ಪ್ರಾಸದ ಒಡಪು ಕಟ್ಟಿ ಗಂಡನ ಹೆಸರು ಹೇಳಿದ್ದಳು. ಓಣಿಯ ಯಾವ ಸೊಸೆಯನ್ನೂ ಹೆಸರು ಹೇಳಿಸದೆ ಒಳಗೆ ಬಿಡುತ್ತಿರಲಿಲ್ಲ. ಆಮೇಲೆ ಬದುಕೆಲ್ಲ ‘ಇವರು’, ‘ಅವರು’. ಗಂಡ ತೀರಿಹೋದ ಮೇಲೂ, ಆ ಹೆಸರನ್ನು ಬಾಯಿಬಿಟ್ಟು ಹೇಳಿದ ಜಾಗ ಅದೊಂದೇ. ಅದಕ್ಕೇ ಅವಳಿಗೆ ಅಗಸಿಯೆಂದರೆ ಜೀವ.

೧೯೨೭ರಲ್ಲಿ ಕಮಾನು ಬಿರುಕು ಬಿಟ್ಟಿತು. ಓಣಿಯ ಸಾಲಿ ಮಾಸ್ತರರು ಯಜ್ಞೇಶ್ವರ, ಈ ಪುರಾತನ ಅಗಸಿಯನ್ನು ಕಾಪಾಡಿರೆಂದು ಮುನಿಸಿಪಾಲಿಟಿಗೆ ಅರ್ಜಿ ಬರೆದರು. ‘ವಿಚಾರದಲ್ಲಿದೆ’ ಎಂದು ಉತ್ತರ ಬಂತು. ಮರುವರ್ಷವೂ ವಿಚಾರದಲ್ಲೇ ಇತ್ತು. ಅಷ್ಟು ವಿಚಾರ ಮಾಡಿದ್ದರೆ ಋಷಿಗಳಿಗೆ ಮೋಕ್ಷವೇ ಸಿಗುತ್ತಿತ್ತು. ಸಾವಕ್ಕ ಕಾಯಲಿಲ್ಲ. ದೇಸಾಯರ ವಾಡೆಯಲ್ಲಿ ಉಳಿದ ಗಚ್ಚು ಕಮಾನಿನ ಬಿರುಕಿಗೆ ಹೋಯಿತು, ಗಿರಣಿ ಚಾಳಿನದು ಬುಡಕ್ಕೆ. ಹನಿ ಹನಿಗೂಡಿ ಹಳ್ಳ ಎಂಬಂತೆ ಹನ್ನೊಂದು ವರ್ಷ ನಡೆಯಿತು.

ಆಗ, ಅವಳ ಮಗ ಯಮನಪ್ಪನ ಮದುವೆಗೆ ಎಂಟು ದಿನವಿರುವಾಗ, ಮುನಿಸಿಪಾಲಿಟಿಯ ಓವರಸಿಯರ್ ಕಾಗದ ಹಿಡಿದು ಬಂದ. ವಿಚಾರ ಮುಗಿದಿತ್ತು: ಬಿರುಕು ಬಿಟ್ಟ ಅಗಸಿ ಅಪಾಯಕಾರಿ, ಕೂಡಲೇ ಕೆಡವಬೇಕು. ಕಾಪಾಡಿ ಎಂದದ್ದಕ್ಕೆ ಬಂದ ಉತ್ತರ ಇದು! ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಸಾವಕ್ಕ ಬುಟ್ಟಿ ಇಳಿಸಿ ಅವನ ಮುಂದೆ ಬಂದು ನಿಂತಳು.

ಓವರಸಿಯರ್ ಮಾತ್ರ ಅಗಸಿಯನ್ನು ಎರಡು ಸುತ್ತು ಹಾಕಿದ. ಛತ್ರಿಯ ತುದಿಯಿಂದ ತಿವಿದ. ಒಂದು ಹರಳೂ ಉದುರಲಿಲ್ಲ.

“ಏನವ್ವಾ, ಬಿರುಕು ಬಿಟ್ಟ ಅಗಸಿ ಎಲ್ಲಿ ಅದ?”

“ಅದು ಹೋಗಿ ಭಾಳ ವರ್ಷ ಆತ್ರಿ ಸಾಹೇಬ್ರ. ನೀವು ತಡಾ ಮಾಡಿ ಬಂದ್ರಿ.”

“ಮತ್ತ ಇದು?”

“ಇದು ನಮ್ಮ ಸೊಸಿ ಬರೋ ಅಗಸಿ ಐತ್ರಿ.”

ಪಕ್ಕದಲ್ಲಿ ನಿಂತಿದ್ದ ಮಾಸ್ತರರು ನಗು ತಡೆಯಲಾರದೆ ಧೋತರದ ಚುಂಗು ಬಾಯಿಗೆ ಒತ್ತಿಕೊಂಡರು. ಓವರಸಿಯರ್ ಬಹಳ ಹೊತ್ತು ತಲೆ ಕೆರೆದುಕೊಂಡು, ‘ಸದರಿ ಅಪಾಯಕಾರಿ ಅಗಸಿ ಸ್ಥಳದಲ್ಲಿ ಇಲ್ಲ’ ಎಂದು ಬರೆದು ಹೋದ.

ಎಂಟನೆಯ ದಿನ, ಇಲ್ಲದ ಅಗಸಿಯ ಕೆಳಗೆ ಸೊಸೆ ಉಡಚವ್ವ ನಿಂತಳು. ಓಣಿಯ ಹೆಂಗಸರು ದಾರಿ ಬಿಡಲಿಲ್ಲ. ಹುಡುಗಿ ಗಟ್ಟಿಗಿತ್ತಿ:

“ಕಲ್ಲಿಗಿ ಕಲ್ಲು ಗಚ್ಚು ಹಿಡಿದು ನಿಂತೈತಿ ಅಗಸಿ,
ಯಮನಪ್ಪನ ಹೆಸರ ಹೇಳ್ತೇನಿ ಅತ್ತಿನ್ನ ನಗಸಿ.”

ಸಾವಕ್ಕ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಯಾರೂ ಕೇಳದಿದ್ದರೂ ಕಮಾನಿನ ಕೆಳಗೆ ಬಂದು ನಿಂತು, ಈ ಸಲ ನಾಚದೆ, ಗಟ್ಟಿಯಾಗಿ ‘ಅವರ’ ಹೆಸರು ಹೇಳಿದಳು:

“ಹುಚ್ಚಪ್ಪ.”