ಸುಪ್ರೀತಾ ಟೀಚರ ಮಾತಿನ ಪಾಠ

ಪುಂಜಾಲಕಟ್ಟೆಯ ವಿಶೇಷಚೇತನರ ಕೇಂದ್ರದಲ್ಲಿ ಸುಪ್ರೀತಾ ಟೀಚರು ಕಲಿಸುವುದು ಒಂದೇ ವಿದ್ಯೆ, ನಾಲ್ಕು ಜನರೊಡನೆ ಬೆರೆಯುವುದು. "ಮುಖ ನೋಡಬೇಕು, ನಗಬೇಕು, ಕ್ಷೇಮ ವಿಚಾರಿಸಬೇಕು, ಉತ್ತರ ಬರುವವರೆಗೆ ಕಾಯಬೇಕು" ಎಂದು ಗೋಡೆಯ ಚಾರ್ಟಿಗೆ ಕೋಲು ತಾಗಿಸಿ ಹೇಳುವಾಗ ಕಲಿಯಲು ಬಂದ ಹನ್ನೊಂದು ಮಂದಿ ತಲೆದೂಗುತ್ತಾರೆ. ಎಲ್ಲರೂ ಮನೆಯಲ್ಲಿ ತುಳುವಿನವರೇ. ಆದರೂ ಪಾಠವೆಂದ ಮೇಲೆ ಪುಸ್ತಕದ ಕನ್ನಡವೇ ಆಗಬೇಕೆಂಬುದು ಟೀಚರ ಹಟ. ಹಾಗಾಗಿ ಪ್ರತಿ ಶುಕ್ರವಾರ ಪೇಟೆಗೆ ಅಭ್ಯಾಸಕ್ಕೆ ಹೊರಟಾಗ, ಅವರಲ್ಲೊಬ್ಬರಾದ, ನಲವತ್ತು ದಾಟಿದ ಚಿನ್ನಯ್ಯ ಮೀನು ಮಾರುವ ಲೀಲಕ್ಕನೆದುರು ಕೈಮುಗಿದು "ನಮಸ್ಕಾರ, ತಾವು ಕ್ಷೇಮವೇ?" ಎನ್ನುತ್ತಾರೆ. ಮೊದಲ ವಾರ ಲೀಲಕ್ಕ, ಇವರು ತಕ್ಕಡಿ ತಪಾಸಣೆಗೆ ಬಂದವರೆಂದು ಹೆದರಿದ್ದರು; ಈಗ ಬಂಗುಡೆ ಬದಿಗಿಟ್ಟು "ಕ್ಷೇಮ, ತಾವು?" ಎನ್ನುತ್ತಾರೆ. ಆಗೆಲ್ಲ ಟೀಚರು ಮಾತ್ರ ಹತ್ತು ಹೆಜ್ಜೆ ಹಿಂದೆ, ಬಸ್ಸಿನ ಬೋರ್ಡು ಓದುತ್ತ ನಿಂತಿರುತ್ತಾರೆ. ಮದುವೆ ಊಟಕ್ಕೆ ಅವರು ಕೂರುವುದು ಕೊನೆಯ ಪಂಕ್ತಿಯಲ್ಲಿ. ಬಸ್ಸಿಗೆ ಪರಿಚಯದವರು ಹತ್ತಿದರೆ ಮೊಬೈಲು ಕಿವಿಗೇರುತ್ತದೆ, ಆ ಕಡೆ ಯಾರೂ ಇರುವುದಿಲ್ಲ. ಇದು ಯಾರಿಗೂ ಗೊತ್ತಿಲ್ಲವೆಂದು ಅವರ ನಂಬಿಕೆ. ಮೊನ್ನೆ ಲೀಲಕ್ಕ ಕೇಳಿಯೇಬಿಟ್ಟರು, "ನನ್ನತ್ರ ಮಾತಾಡ್ಲಿಕ್ಕೆ ಆ ಟೀಚರಿಗೆ ಆಗುದಿಲ್ವಾ?" ಚಿನ್ನಯ್ಯ ದನಿ ತಗ್ಗಿಸಿದರು, ಆದರೂ ಹಿಂದಿದ್ದ ಟೀಚರಿಗೆ ಕೇಳಿಸಿತು. "ಹಾಗಲ್ಲ ಲೀಲಕ್ಕ, ಅವರಿಗೆ ಹೆದರಿಕೆ. ಅದಕ್ಕೇ ನಾವು ವಾರ ವಾರ ಕರ್ಕೊಂಡು ಬರುದು. ನಿಧಾನ ಕಲೀತಾರೆ." ಲೀಲಕ್ಕ ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತು, "ಟೀಚರೇ, ತಾವು ಕ್ಷೇಮವೇ?" ಎಂದರು. ಹನ್ನೊಂದು ಮಂದಿಯೂ ತಿರುಗಿ, ಟೀಚರ ಮುಖ ನೋಡಿ, ನಕ್ಕು, ಉತ್ತರ ಬರುವವರೆಗೆ ಕಾದರು.