ಗೋಡೆಗೆ ಮುಖ ಮಾಡಿದ ಅತ್ತಿಗೆ

ನಮ್ಮಣ್ಣ ಚಿತ್ರಗಾರ. ಬಣ್ಣದ ಕಲ್ಲುಗಳನ್ನು ತಾನೇ ಕುಟ್ಟಿ, ಎಣ್ಣೆ ಹಾಕಿ ಅರೆದು ಬಣ್ಣ ಮಾಡುತ್ತಿದ್ದ. "ಅಂಗಡಿ ಬಣ್ಣ ಮೂರು ದಿನದ್ದು, ನಂದು ಮೂರು ತಲೆಮಾರಿಂದು" ಎಂದು ಕಂಡಕಂಡವರೆದುರು ಜಂಬ ಕೊಚ್ಚುತ್ತಿದ್ದ. ಆದರೆ ತಾನೇ ಬರೆದ, ತೀರಿಹೋದ ಅತ್ತಿಗೆಯ ಚಿತ್ರವನ್ನು ಮಾತ್ರ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಇಟ್ಟಿದ್ದ. ನೋಡಿದರೆ ದುಃಖ ಉಕ್ಕುತ್ತದೇನೋ ಎಂದು ನಾವೂ ಸುಮ್ಮನಿದ್ದೆವು.

ಕಾಲು ಮುರಿದುಕೊಂಡು ಅವನು ಇಡೀ ಬೇಸಿಗೆ ಆಸ್ಪತ್ರೆಯಲ್ಲಿ ಬಿದ್ದುಕೊಂಡ. ಅವನ ಮಗಳು, ಅಮ್ಮ ಕತ್ತಲಲ್ಲಿ ಯಾಕಿರಬೇಕೆಂದು, ಚಿತ್ರದ ಧೂಳು ಒರೆಸಿ, ಕಿಟಕಿಯ ಎದುರಿಗೆ ತೂಗುಹಾಕಿದಳು. ಅಣ್ಣ ಮನೆಗೆ ಬರುವಷ್ಟರಲ್ಲಿ ಅತ್ತಿಗೆಯ ತುಟಿ, ಕೆನ್ನೆ ಎಲ್ಲ ಬಿಳಿಚಿಕೊಂಡಿದ್ದವು.

"ನಿನ್ನ ಬಣ್ಣ ಹೋಗಲ್ಲ ಅಂತಿದ್ಯಲ್ಲಪ್ಪಾ" ಎಂದು ಮಗಳು ಅತ್ತಳು.

"ಒದ್ದೆ ಬಟ್ಟೇಲಿ ಒರೆಸಿರ್ತೀಯ" ಎಂದುಬಿಟ್ಟ ಅಣ್ಣ.

ಅವಳು ಒಳಗೆ ಹೋದ ಮೇಲೆ ನನ್ನ ಹತ್ತಿರ ಮೆಲ್ಲಗೆ ಬಾಯಿಬಿಟ್ಟ. "ಅದು ಹೂವಿನ ಕೆಂಪು ಕಣೋ, ಬಿಸಿಲು ತಡೆಯಲ್ಲ. ನಿಮ್ಮತ್ತಿಗೆ ತುಟಿ ಬಣ್ಣ ಯಾವ ಕಲ್ಲಲ್ಲೂ ಸಿಗಲಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ಆ ಒಂದು ಮಾತು ಮಗಳಿಗೆ ಹೇಳಿದ್ರೆ ನಮ್ಮಪ್ಪನ ಗಂಟು ಹೋಗ್ತಿತ್ತಾ?"

"ಹೇಳಿದ್ರೆ ಆಮೇಲೆ ನನ್ನ ಬಣ್ಣಾನ ಯಾರು ನಂಬ್ತಾರೆ?"

ಅದೇ ಹೂವಿನ ಕೆಂಪನ್ನು ಮತ್ತೆ ಅರೆದು ತುಟಿ ಬರೆದ. ಅದು ಅತ್ತಿಗೆಯ ತುಟಿಯಾಗಲಿಲ್ಲ, ಇನ್ಯಾರದ್ದೋ ಆಯಿತು. ಚಿತ್ರ ಪುನಃ ಗೋಡೆಗೆ ಮುಖ ಮಾಡಿ ಕೂತಿತು.

ನಾನು ತಡೆಯಲಾರದೆ ಅವನ ಮಗಳಿಗೆ ನಿಜ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು.

"ಸಮಾಧಾನಕ್ಕೆ ಹೇಳಬೇಡಿ ಚಿಕ್ಕಪ್ಪ. ಅಪ್ಪನ ಬಣ್ಣ ಹೋಗೋದಿಲ್ಲ. ನಾನೇ ಒರೆಸಿರಬೇಕು."