ಅವ್ವನ ದವಡೆ ಹಿಡಿದವಳು

ರಾಯಚೂರಿನ ನಮ್ಮ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವವರು ಇಬ್ಬರೇ: ನಾನು, ಮತ್ತು ದೇವದುರ್ಗದಿಂದ ಹೊಸದಾಗಿ ಬಂದ ಡಾಕ್ಟರ್ ಹುಡುಗಿ. ರೋಗಿಗಳು ಅವಳೇ ಬೇಕೆಂದು ಕೇಳುವುದು ನನಗೆ ಸಹಿಸಲಾಗುತ್ತಿರಲಿಲ್ಲ. ಅವ್ವನಿಗೆ ಎಂಡೋಸ್ಕೋಪಿ ಮಾಡಬೇಕಾದಾಗ ಅವ್ವನೂ ಅದನ್ನೇ ಹೇಳಿದಳು. "ನೀ ಬ್ಯಾಡವ್ವಾ. ತಾಯಿ ಅಂದ್ರ ಮಗಳ ಕೈ ನಡಗ್ತಾವ. ಆ ಹುಡುಗಿನ್ನ ಕರಿ."

ಪರೀಕ್ಷೆಯ ಕೋಣೆಯಲ್ಲಿ ನಾನು ಗೋಡೆಗೆ ಒರಗಿ ನಿಂತೆ. ಆ ಹುಡುಗಿ ಕೊಟ್ಟ ಮಂಪರಿನ ಮದ್ದು ಏರಿ ಅವ್ವ ಗೊರಕೆ ಹೊಡೆಯತೊಡಗಿದಳು. ಒಮ್ಮೆಲೇ ಗೊರಕೆ ನಿಂತಿತು. ಎದೆ ಏಳುತ್ತಿತ್ತು, ಉಸಿರಿನ ಸದ್ದಿರಲಿಲ್ಲ. ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚಿತ್ತು. ನಾನು ಹೆಜ್ಜೆ ಇಡುವಷ್ಟರಲ್ಲಿ ಅವಳು ಅವ್ವನ ಕಿವಿಯ ಕೆಳಗೆ ಬೆರಳಿಟ್ಟು ದವಡೆಯನ್ನು ಮುಂದಕ್ಕೆ ಎತ್ತಿ ಹಿಡಿದಿದ್ದಳು. ಉಸಿರು ಮರಳಿತು. ಪರೀಕ್ಷೆ ಮುಗಿಯುವವರೆಗೂ ಅವಳು ಕೈ ತೆಗೆಯಲಿಲ್ಲ. ನನಗೆ ಸಮಾಧಾನಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ಆ ಬೆರಳುಗಳು ನನ್ನವಾಗಿರಬೇಕಿತ್ತು.

ಎಚ್ಚರವಾದ ಅವ್ವ ಅವಳ ಕೆನ್ನೆ ಸವರಿ, "ಛಲೋ ನಿದ್ದಿ ಬಂತು ನನ್ನವ್ವಾ" ಎಂದಳು. ಆಮೇಲೆ ನನ್ನತ್ತ ತಿರುಗಿ, "ದವಡಿ ಯಾಕ ನೋಯಾಕತ್ತದ?" ಎಂದು ಕೇಳಿದಳು.

"ಉಸಿರು ಕಟ್ಟಿತ್ತು. ಆಕಿ ದವಡಿ ಎತ್ತಿ ಹಿಡಿದ್ಲು, ಅದಕ್ಕ ಉಸಿರಾಡಿದಿ," ಎಂದೆ. ಅಷ್ಟು ಹೇಳುವುದೂ ನನಗೆ ಕಷ್ಟವಾಯಿತು.

"ಹಂಗಾದ್ರ ಆಕಿನ್ನ ಊಟಕ್ಕ ಕರಿ," ಎಂದಳು ಅವ್ವ.

ಭಾನುವಾರ ಮಾನ್ವಿಯ ನಮ್ಮ ಮನೆಯಲ್ಲಿ ಅವಳಿಗೆ ನಾನೇ ಬಿಸಿ ರೊಟ್ಟಿ ಬಡಿಸಿದೆ. ಅವ್ವ ಅವಳ ಪಕ್ಕದಲ್ಲೇ ಕುಳಿತಿದ್ದಳು.